ಈಸಕ್ಕಿಯಾಸೆ ನಿಮಗೇಕೆ? ಕೆಲಸದ ಜಾಗದಲ್ಲಿ ಕಾಯಕ, ದಾಸೋಹ, ಅನುಭವವನ್ನು ನಡೆಸುವ ಬಗೆ

ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಕಾಲಿಟ್ಟರೆ ಹಾಜರಿ ಯಂತ್ರದ ಮೇಲೋ ಮಾಲೀಕರ ಕೋಣೆಯ ಬಾಗಿಲ ಮೇಲೋ ‘ಕಾಯಕವೇ ಕೈಲಾಸ’ ಎಂಬ ಫಲಕ ಕಣ್ಣಿಗೆ ಬೀಳುತ್ತದೆ. ಸರ್ಕಾರಿ ಕಚೇರಿ, ಶಾಲೆ, ಬ್ಯಾಂಕುಗಳಲ್ಲೂ ಅದೇ ಫಲಕ. ಬಹಳಷ್ಟು ಜನ ಅದನ್ನು ಬಸವಣ್ಣನವರ ಮಾತೆಂದೇ ತಿಳಿದಿದ್ದಾರೆ. ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ.

ಮಾರಯ್ಯನವರದು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರೆಂದು ಶರಣರ ಕಥೆಗಳು ಹೇಳುತ್ತವೆ. ಹೆಂಡತಿ ಲಕ್ಕಮ್ಮ ಅದನ್ನು ಒಲೆಯ ಮೇಲಿಡಲಿಲ್ಲ. ‘ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?’ ಎಂದು ಶುರುವಾಗುವ ಅವರ ವಚನದ ನಡುವೆ ಒಂದು ನೇರ ಪ್ರಶ್ನೆಯಿದೆ: ‘ಈಸಕ್ಕಿಯಾಸೆ ನಿಮಗೇಕೆ?’ ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆ? ಮಾರಯ್ಯ ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಒಯ್ದು ಸುರಿದು ಬಂದರು.

ಫಲಕ ಹಾಕಿದವರು ಗಂಡನ ಮಾತನ್ನು ಬರೆಸಿದರು, ಹೆಂಡತಿಯ ಪ್ರಶ್ನೆಯನ್ನು ಬಿಟ್ಟರು. ಆ ಪ್ರಶ್ನೆಯಿಲ್ಲದ ‘ಕಾಯಕವೇ ಕೈಲಾಸ’ ದುಡಿಯುವವರ ಬೆನ್ನಿಗೆ ಹಿಡಿದ ಬಾರುಕೋಲಾಗುತ್ತದೆ. ಪ್ರಶ್ನೆ ಸೇರಿದಾಗ ಅದು ಮೊದಲು ತಟ್ಟುವುದು ಮೇಲೆ ಕುಳಿತವರನ್ನು. ನಾನು ಪೀಣ್ಯದ ಒಂದು ಯಂತ್ರಭಾಗ ತಯಾರಿಕಾ ಘಟಕದಲ್ಲಿ ಸುಮಾರು 40 ಜನರ ಮೇಲ್ವಿಚಾರಣೆ ಮಾಡಿದ ವರ್ಷಗಳಲ್ಲಿ ಇದನ್ನು ನಿಧಾನವಾಗಿ, ಕೆಲವು ಸಲ ಬೇರೆಯವರ ನಷ್ಟದಲ್ಲಿ ಕಲಿತೆ. ಹತ್ತು ಜನರ ತಂಡವನ್ನಾದರೂ ನಡೆಸುತ್ತಿರುವವರು, ಅದು ಅಂಗಡಿಯಾಗಿರಲಿ, ಆಸ್ಪತ್ರೆಯ ವಾರ್ಡ್ ಆಗಿರಲಿ, ಸಾಫ್ಟ್‌ವೇರ್ ತಂಡವಾಗಿರಲಿ, ನಾಳೆಯಿಂದಲೇ ಮಾಡಬಹುದಾದ ಕೆಲಸಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಲೆಕ್ಕದ ಪುಸ್ತಕ ತೆರೆಯಿರಿ

ಅಧ್ಯಾತ್ಮ ಎಂದ ಕೂಡಲೇ ಧ್ಯಾನದ ಕೋಣೆ, ಪ್ರವಚನ, ಗೋಡೆಗೆ ಹೊಸ ಚಿತ್ರಪಟ ಎಂದು ಯೋಚನೆ ಓಡುತ್ತದೆ. ಅದನ್ನೆಲ್ಲ ಆರು ತಿಂಗಳು ಬದಿಗಿಡಿ. ಬಸವಣ್ಣನವರು ಬಿಜ್ಜಳನ ಭಂಡಾರ ನೋಡಿಕೊಂಡವರು; ಅವರ ನಿಷ್ಠೆಗೆ ದಿನನಿತ್ಯ ಪರೀಕ್ಷೆ ನಡೆದದ್ದು ಬೊಕ್ಕಸದ ಬಾಗಿಲಲ್ಲಿ. ನಿಮ್ಮದೂ ಅಲ್ಲೇ ನಡೆಯಲಿ.

ಹಿಂದಿನ ಮೂರು ತಿಂಗಳ ಕಾಗದಗಳನ್ನು ಮುಂದಿಟ್ಟುಕೊಂಡು ನಾಲ್ಕು ವಿಷಯಗಳನ್ನು ನೋಡಿ.

ಬಟವಾಡೆ ಯಾವ ತಾರೀಖಿಗೆ ಆಯಿತು? ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕೆಂದು ಕಾನೂನು ಹೇಳುತ್ತದೆ. ಬಾಡಿಗೆ ಮನೆಯಲ್ಲಿರುವ ಕೆಲಸಗಾರನಿಗೆ 5 ಮತ್ತು 12ರ ನಡುವಿನ ಅಂತರವೆಂದರೆ ಮನೆ ಮಾಲೀಕರ ಮುಂದೆ ತಲೆ ತಗ್ಗಿಸಿ ನಿಲ್ಲುವ ಒಂದು ವಾರ.

ಹೆಚ್ಚುವರಿ ಗಂಟೆಗಳ ಕೂಲಿ ಎರಡು ಪಟ್ಟು ದರದಲ್ಲಿ ಹೋಗಿದೆಯೇ? ಕಾರ್ಖಾನೆಗಳಿಗೆ ಇದೂ ಕಾನೂನೇ. ‘ಹೊಂದಿಸಿಕೊಳ್ಳೋಣ’ ಎಂದು ಹೇಳಿ ಮರೆತ ಗಂಟೆಗಳಿದ್ದರೆ ಅವುಗಳ ಪಕ್ಕದಲ್ಲಿ ಲಕ್ಕಮ್ಮನವರ ಪ್ರಶ್ನೆಯನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ.

ನಿಮಗೆ ಸರಕು, ಸೇವೆ ಕೊಟ್ಟ ಸಣ್ಣ ಉದ್ದಿಮೆಗಳ ಬಿಲ್ಲು ಎಷ್ಟು ದಿನ ನಿಮ್ಮ ಮೇಜಿನ ಮೇಲೆ ಕೂತಿತ್ತು? 2006ರ ಸಣ್ಣ ಕೈಗಾರಿಕೆಗಳ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ದೊಡ್ಡ ಕಂಪನಿ ನಮಗೆ ಹಣ ತಡಮಾಡಿದಾಗ ನಾವು ಎಷ್ಟು ಕೊರಗುತ್ತೇವೆ! ಅದೇ ವಾರ ನಮ್ಮ ಲೇಪನ ಕೆಲಸದವರನ್ನು ನಾಲ್ಕು ಸಲ ಅಲೆಸಿರುತ್ತೇವೆ.

ಕೊನೆಯದಾಗಿ, ಉಡುಗೊರೆ ಮತ್ತು ‘ಖರ್ಚು’. ಇದಕ್ಕೆ ಕಸ ಗುಡಿಸುವ ಕಾಯಕದ ಸತ್ಯಕ್ಕನವರ ಮಾತಿಗಿಂತ ಗಟ್ಟಿಯಾದ ನಿಯಮ ನನಗೆ ಸಿಕ್ಕಿಲ್ಲ: ‘ಲಂಚವಂಚನಕ್ಕೆ ಕೈಯಾನದ ಭಾಷೆ’. ಕೈಯೊಡ್ಡುವುದಿಲ್ಲ ಎಂಬ ಪ್ರತಿಜ್ಞೆ. ದಾರಿಯಲ್ಲಿ ಚಿನ್ನವೋ ವಸ್ತ್ರವೋ ಬಿದ್ದಿದ್ದರೂ ಮುಟ್ಟಿ ಎತ್ತುವುದಿಲ್ಲ ಎಂದು ಆಣೆ ಇಟ್ಟ ಹೆಣ್ಣುಮಗಳು ಆಕೆ. ಖರೀದಿ ವಿಭಾಗದವರಿಗೆ ದೀಪಾವಳಿಗೆ ಬರುವ ಬೆಳ್ಳಿ ನಾಣ್ಯ ಯಾರ ಮನೆ ಸೇರಿತು ಎಂದು ಕೇಳುವ ಧೈರ್ಯ ಮಾಡಿ. ಮೊದಲು ನಿಮ್ಮ ಮನೆಗೆ ಬಂದದ್ದನ್ನು ಹೇಳಿ.

ಈ ನಾಲ್ಕರಲ್ಲಿ ಕೊರತೆ ಕಂಡರೆ ಮುಂದಿನ ಹೆಜ್ಜೆಗಳಿಗೆ ಹೋಗುವ ಮೊದಲು ಅದನ್ನು ತೀರಿಸಿ. ಬಾಕಿ ಕೂಲಿಯ ಮೇಲೆ ಕಟ್ಟಿದ ಧ್ಯಾನಮಂದಿರದಲ್ಲಿ ಯಾರ ಮನಸ್ಸೂ ನಿಲ್ಲುವುದಿಲ್ಲ.

ಎರಡನೆಯ ಹೆಜ್ಜೆ: ಮೂರೇ ಮೌಲ್ಯ, ಪ್ರತಿಯೊಂದಕ್ಕೂ ಅದರ ಬೆಲೆ

ಪ್ರಾಮಾಣಿಕತೆ, ಗೌರವ, ಶ್ರೇಷ್ಠತೆ, ತಂಡಸ್ಫೂರ್ತಿ, ನಾವೀನ್ಯ ಎಂದು ಸಾಲಾಗಿ ಬರೆದರೆ ಅದು ಆಮಂತ್ರಣ ಪತ್ರಿಕೆಯಾಗುತ್ತದೆ. ಮೂರನ್ನು ಆರಿಸಿ. ಆರಿಸುವಾಗ ಜೊತೆಗಿರುವವರನ್ನು ಕೇಳಿ, ಮುಖ್ಯವಾಗಿ ಎಲ್ಲರಿಗಿಂತ ಕಡಿಮೆ ಸಂಬಳದವರನ್ನು. ಅವರನ್ನು ‘ಮೌಲ್ಯ’ ಎಂದು ಕೇಳಿದರೆ ನಾಚಿ ಸುಮ್ಮನಾಗುತ್ತಾರೆ. ‘ಇಲ್ಲಿ ನಿಮಗೆ ಅನ್ಯಾಯ ಅನಿಸಿದ್ದು ಯಾವಾಗ?’ ಎಂದು ಕೇಳಿದರೆ ಮೌಲ್ಯಗಳ ಪಟ್ಟಿ ತಾನಾಗಿ ಸಿಗುತ್ತದೆ.

ಆಮೇಲೆ ಪ್ರತಿಯೊಂದನ್ನೂ ಒಂದು ವಾಕ್ಯವಾಗಿ ಬರೆಯಿರಿ. ಆ ವಾಕ್ಯದಲ್ಲಿ ಯಾರು ಏನು ಮಾಡುತ್ತಾರೆ ಎಂಬುದೂ ಅದಕ್ಕಾಗಿ ಏನನ್ನು ಕಳೆದುಕೊಳ್ಳಲು ಸಿದ್ಧರಿದ್ದೇವೆ ಎಂಬುದೂ ಇರಲೇಬೇಕು. ನಮ್ಮ ಘಟಕದಲ್ಲಿ ಬರೆದುಕೊಂಡದ್ದು ಹೀಗಿತ್ತು:

‘ಅಳತೆ ತಪ್ಪಿದ ಮಾಲು ಎಂದು ಗೊತ್ತಾದ ಮೇಲೆ ಅದು ಗೇಟು ದಾಟುವುದಿಲ್ಲ, ಆ ತಿಂಗಳ ಗುರಿ ಮುಟ್ಟದಿದ್ದರೂ.’

‘ಮಾಲೀಕರ, ಮೇಲ್ವಿಚಾರಕರ ಸಂಬಳಕ್ಕಿಂತ ಮುಂಚೆ ಸಹಾಯಕರ ಬಟವಾಡೆ, ಖಾತೆಯಲ್ಲಿ ಹಣ ಕಡಿಮೆಯಿದ್ದಾಗಲೂ.’

‘ತಪ್ಪನ್ನು ತಾನಾಗಿ ಬಂದು ಹೇಳಿದವರಿಗೆ ದಂಡವಿಲ್ಲ, ನಷ್ಟ ಎಷ್ಟೇ ಆಗಿರಲಿ.’

ಆ ‘ದರೂ’, ‘ಗಲೂ’, ‘ಎಷ್ಟೇ’ ಇಲ್ಲದ ವಾಕ್ಯವನ್ನು ಗೋಡೆಗೆ ಹಾಕಬೇಡಿ. ಬೆಲೆ ಬರೆಯದ ಮೌಲ್ಯ ಮೊದಲ ಬಿಗಿ ತಿಂಗಳಲ್ಲೇ ಕರಗುತ್ತದೆ.

ಬೆಲೆಯನ್ನು ವ್ಯವಸ್ಥೆಯೊಳಗೇ ಕೂರಿಸಿದ ಒಂದು ದೊಡ್ಡ ಉದಾಹರಣೆ ನಮ್ಮ ನೆರೆಯಲ್ಲಿದೆ. ಡಾ. ಗೋವಿಂದಪ್ಪ ವೆಂಕಟಸ್ವಾಮಿ ಅವರು ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ 1976ರಲ್ಲಿ ಮಧುರೈಯಲ್ಲಿ 11 ಹಾಸಿಗೆಗಳ ಕಣ್ಣಿನ ಆಸ್ಪತ್ರೆ ತೆರೆದರು. ಶ್ರೀ ಅರವಿಂದರನ್ನು ಗುರುವೆಂದು ನಂಬಿದ್ದವರು, ಹಾಗಾಗಿ ಅರವಿಂದ್ ಎಂದೇ ಹೆಸರಿಟ್ಟರು. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದವು. ಆ ಬೆರಳುಗಳಲ್ಲೇ ಶಸ್ತ್ರಚಿಕಿತ್ಸೆಯ ಉಪಕರಣ ಹಿಡಿಯಲು ಕಲಿತು ಸಾವಿರಾರು ಜನರಿಗೆ ಕಣ್ಣು ಕೊಟ್ಟರು. ಆದರೆ ನಾನು ಹೆಚ್ಚು ಗೌರವಿಸುವುದು ಅವರ ಲೆಕ್ಕಾಚಾರವನ್ನು: ಹಣ ಕೊಡಬಲ್ಲವರ ಶುಲ್ಕದಿಂದಲೇ ಕೊಡಲಾಗದವರ ಚಿಕಿತ್ಸೆಯೂ ನಡೆಯುವಂತೆ ಆಸ್ಪತ್ರೆಯನ್ನು ಕಟ್ಟಿದರು. 1992ರಲ್ಲಿ ಕಣ್ಣೊಳಗೆ ಇಡುವ ಮಸೂರವನ್ನು ಕಡಿಮೆ ಬೆಲೆಗೆ ತಯಾರಿಸಲು ಅರೋಲ್ಯಾಬ್ ಶುರುವಾಯಿತು. ಕರುಣೆಯನ್ನು ಅವರು ಬಜೆಟ್ಟಿನೊಳಗೆ ತಂದರು, ಆದ್ದರಿಂದಲೇ 2006ರಲ್ಲಿ ಅವರು ತೀರಿಕೊಂಡ ಮೇಲೂ ಅದು ನಡೆಯುತ್ತಿದೆ.

ಮೂರನೆಯ ಹೆಜ್ಜೆ: ನಿಮ್ಮ ಹತ್ತು ನಿಮಿಷ

ಇದು ನಿಮ್ಮೊಬ್ಬರದೇ ಕೆಲಸ, ಯಾರಿಗೂ ತೋರಿಸಬೇಕಿಲ್ಲ. ಬೆಳಿಗ್ಗೆ ಮೊಬೈಲ್ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಇಷ್ಟಲಿಂಗ, ಜಪ, ನಮಾಜು, ಬೈಬಲ್ ವಾಚನ, ಬರೀ ಉಸಿರು, ನಿಮಗೆ ಯಾವುದು ಒಗ್ಗಿದೆಯೋ ಅದು. ನಂಬಿಕೆಯಿಲ್ಲದವರು ಕಿಟಕಿಯ ಹೊರಗೆ ನೋಡುತ್ತಾ ಕುಳಿತರೂ ಸಾಕು. ಸಂಜೆ ಇನ್ನೈದು ನಿಮಿಷ ಒಂದು ನೋಟ್‌ಬುಕ್ಕಿನಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಇಂದು ಯಾರ ಮೇಲೆ ನನ್ನ ಸಿಟ್ಟನ್ನು ಇಳಿಸಿದೆ? ಯಾರ ಕೆಲಸದ ಶ್ರೇಯವನ್ನು ನಾನು ತೆಗೆದುಕೊಂಡೆ? ಯಾವುದನ್ನು ನನಗೆ ಬೇಕಾದುದಕ್ಕಿಂತ ಹೆಚ್ಚು ಹಿಡಿದಿಟ್ಟುಕೊಂಡೆ?

ಒಬ್ಬರ ಹೆಸರು ವಾರದಲ್ಲಿ ಮೂರು ಸಲ ಬಂದರೆ ಮಾರನೆಯ ದಿನ ಅವರ ಬಳಿ ಹೋಗಿ ಮಾತನಾಡಿ. ಇಷ್ಟೇ. ಲೋಕದ ಡೊಂಕು ತಿದ್ದುವ ಮೊದಲು ನಿಮ್ಮ ನಿಮ್ಮ ತನುವ, ಮನವ ಸಂತೈಸಿಕೊಳ್ಳಿ ಎಂದ ಬಸವಣ್ಣನವರ ಮಾತಿಗೆ ನನಗೆ ತಿಳಿದ ಅತಿ ಸುಲಭದ ಅಭ್ಯಾಸ ಇದು.

ನಾಲ್ಕನೆಯ ಹೆಜ್ಜೆ: ಯಾರು ಎಲ್ಲಿ ಕೂತು ಉಣ್ಣುತ್ತಾರೆ ನೋಡಿ

ದಾಸೋಹವೆಂದರೆ ದಾನವಲ್ಲ. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನು ತನ್ನನ್ನು ದಾಸನೆಂದುಕೊಳ್ಳುತ್ತಾನೆ. ತನ್ನ ಕಾಯಕದಿಂದ ಬಂದದ್ದರಲ್ಲಿ ಇತರರ ಪಾಲು ಮೊದಲೇ ಇತ್ತು ಎಂದು ತಿಳಿಯುತ್ತಾನೆ. ಈ ವ್ಯತ್ಯಾಸ ನನಗೆ ಅರ್ಥವಾದದ್ದು ಮೆಟ್ಟಿಲ ಬಳಿ.

ನಮ್ಮ ಘಟಕದಲ್ಲಿ ನೆಲ ಒರೆಸುವ ಗುತ್ತಿಗೆಯ ಮಹಿಳೆಯರು ಮೂವರಿದ್ದರು. ಕ್ಯಾಂಟೀನಿನಲ್ಲಿ ಬೆಂಚುಗಳಿದ್ದರೂ ಅವರು ಜನರೇಟರ್ ಪಕ್ಕದ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚುತ್ತಿದ್ದರು. ಎರಡು ವರ್ಷ ದಿನವೂ ಅವರನ್ನು ದಾಟಿಕೊಂಡೇ ಹೋಗಿದ್ದೆ. ಒಂದು ಮಧ್ಯಾಹ್ನ ವಿದ್ಯುತ್ ಹೋಗಿ ಜನರೇಟರ್ ಹೊಗೆಯುಗುಳುತ್ತಿತ್ತು. ಅವರಲ್ಲಿ ಹಿರಿಯರಾದವರು ಸೆರಗಿನಲ್ಲಿ ಡಬ್ಬಿ ಮುಚ್ಚಿಕೊಂಡು ಮುದ್ದೆ ಮುರಿಯುತ್ತಿದ್ದರು. ‘ಅಕ್ಕ, ಒಳಗೆ ಕೂತು ಊಟ ಮಾಡಿ’ ಎಂದೆ. ‘ಪರವಾಗಿಲ್ಲ ಸಾರ್, ಇಲ್ಲಿ ಗಾಳಿ ಬರುತ್ತದೆ’ ಎಂದರು. ಬರುತ್ತಿದ್ದದ್ದು ಡೀಸೆಲ್ ಹೊಗೆ.

ಒಳಗೆ ಬನ್ನಿ ಎಂದು ಕರೆದರೆ ಸಾಲದು ಎಂದು ಅಂದು ಗೊತ್ತಾಯಿತು. ಯಾರೋ ಎಂದೋ ‘ನಿಮಗೆ ಅಲ್ಲಿ’ ಎಂದಿದ್ದರು, ಅದು ನಿಯಮವಾಗಿ ಉಳಿದಿತ್ತು. ನಾವು ಮಾಡಿದ್ದಿಷ್ಟು: ಊಟದ ಹೊತ್ತನ್ನು ಎಲ್ಲರಿಗೂ ಒಂದೇ ಮಾಡಿದೆವು. ಮೇಲ್ವಿಚಾರಕರ ಪ್ರತ್ಯೇಕ ಮೇಜನ್ನು ತೆಗೆದೆವು. ಕ್ಯಾಂಟೀನಿನ ಪಲ್ಯ, ಸಾರು, ಮಜ್ಜಿಗೆ ಗುತ್ತಿಗೆಯವರಿಗೂ ಎಂದು ಗುತ್ತಿಗೆದಾರರ ಕರಾರಿನಲ್ಲಿ ಬರೆಸಿದೆವು. ವಾರಕ್ಕೊಂದು ದಿನ ಬಡಿಸುವ ಸರದಿಯನ್ನು ನಾವು ಮೇಲಿನವರು ವಹಿಸಿಕೊಂಡೆವು. ಆ ಅಕ್ಕ ಬೆಂಚಿನ ಮೇಲೆ ಕೂರಲು ಮೂರು ವಾರ ಹಿಡಿಯಿತು. ಕೂತ ಮೊದಲ ದಿನ ಅಂಚಿನಲ್ಲಿ, ಒಂದು ಕಾಲು ಹೊರಗಿಟ್ಟುಕೊಂಡೇ ಕೂತಿದ್ದರು.

ನಿಮ್ಮ ಜಾಗದಲ್ಲಿ ಆ ಮೆಟ್ಟಿಲು ಯಾವುದು ಎಂದು ಹುಡುಕಿ. ಶೌಚಾಲಯದ ಬೀಗವಿರಬಹುದು, ಲಿಫ್ಟ್ ಇರಬಹುದು, ಬೇರೆ ಲೋಟ ಇರಬಹುದು, ಕಾವಲುಗಾರರಿಗೆ ಇಲ್ಲದ ಕುರ್ಚಿ ಇರಬಹುದು. ಸಾಫ್ಟ್‌ವೇರ್ ಕಚೇರಿಗಳಲ್ಲಿ ಗುತ್ತಿಗೆಯವರ ಗುರುತುಪಟ್ಟಿಯ ಬಣ್ಣವೇ ಬೇರೆ. ಸಿಕ್ಕಿದ ಮೇಲೆ ಭಾಷಣ ಮಾಡಬೇಡಿ, ಕರಾರು ತಿದ್ದಿ.

ಐದನೆಯ ಹೆಜ್ಜೆ: ಪ್ರಶ್ನೆ ಕೇಳುವ ಸಭೆ

ಕಲ್ಯಾಣದ ಅನುಭವ ಮಂಟಪದ ಪರಂಪರೆಯಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವ ಸಂಗತಿ ಒಂದಿದೆ. ಅಧಿಕಾರವಿದ್ದದ್ದು ಭಂಡಾರಿ ಬಸವಣ್ಣನವರ ಕೈಯಲ್ಲಿ. ಆದರೆ ಸಭೆಯ ಅಧ್ಯಕ್ಷ ಸ್ಥಾನವಾದ ಶೂನ್ಯ ಪೀಠದಲ್ಲಿ ಕುಳಿತವರು ಅಲ್ಲಮಪ್ರಭು. ಸಂಬಳ, ಪದವಿ ಕೊಡುವ ಕೈಯೇ ಸಭೆಯ ಗೆರೆಯನ್ನೂ ಎಳೆದರೆ ಅಲ್ಲಿ ಯಾರೂ ಮನಸ್ಸು ಬಿಚ್ಚುವುದಿಲ್ಲ. ಹಗ್ಗ ಹೊಸೆಯುವವರು, ದೋಣಿ ನಡೆಸುವವರು, ಕಸ ಗುಡಿಸುವವರು ಮಂತ್ರಿಯ ಎದುರು ವಾದ ಮಾಡಬೇಕಾದರೆ ಪೀಠ ಮಂತ್ರಿಯದಾಗಿರಬಾರದು.

ಹೀಗೆ ನಡೆಸಿ. ವಾರಕ್ಕೊಮ್ಮೆ, 40 ನಿಮಿಷ, ಕೆಲಸದ ಹೊತ್ತಿನೊಳಗೇ. ಪಾಳಿ ಮುಗಿದ ಮೇಲೆ ಇಟ್ಟರೆ ಬಸ್ ಹಿಡಿಯಬೇಕಾದವರು ಬಾಯಿ ತೆರೆಯುವುದಿಲ್ಲ. ಸಭೆಯನ್ನು ನಡೆಸುವವರು ಸರದಿಯಂತೆ ಬದಲಾಗಲಿ, ನೀವು ಮಾತ್ರ ಆ ಸರದಿಯಲ್ಲಿ ಬೇಡ. ವೃತ್ತಾಕಾರವಾಗಿ ಕೂರಿ ಅಥವಾ ಎಲ್ಲರೂ ನಿಂತಿರಿ. ಹೊಸಬರು ಮೊದಲು ಮಾತನಾಡಲಿ, ನೀವು ಕಟ್ಟಕಡೆಗೆ. ಒಬ್ಬರು ಮಾತನಾಡುವಾಗ ಉತ್ತರ ಕೊಡಬೇಡಿ, ಬರೆದುಕೊಳ್ಳಿ. ಕೇಳಿದ ಪ್ರತಿ ವಿಷಯಕ್ಕೂ ಮುಂದಿನ ವಾರದೊಳಗೆ ‘ಆಯಿತು’, ‘ಆಗುವುದಿಲ್ಲ, ಏಕೆಂದರೆ’, ‘ಇಂಥ ದಿನದೊಳಗೆ’ ಎಂಬ ಮೂರರಲ್ಲಿ ಒಂದು ಉತ್ತರ ಸೂಚನಾ ಫಲಕದಲ್ಲಿರಲಿ. ಮೊದಲ ಮೂರು ನಾಲ್ಕು ವಾರ ಎಲ್ಲರೂ ಫ್ಯಾನಿನ ಬಗ್ಗೆ, ಕಾಫಿಯ ಬಗ್ಗೆ ಮಾತನಾಡುತ್ತಾರೆ. ಬೇಸರಪಡದೆ ಫ್ಯಾನ್ ಸರಿಮಾಡಿಸಿ. ಅವರು ಪರೀಕ್ಷಿಸುತ್ತಿರುವುದು ನಿಮ್ಮನ್ನು.

ನಮ್ಮಲ್ಲಿ ಆರನೆಯದೋ ಏಳನೆಯದೋ ಸಭೆ. ಸೇರಿ ಎಂಟು ತಿಂಗಳಾಗಿದ್ದ ಸಹಾಯಕ ಹುಡುಗನೊಬ್ಬ ಜೇಬಿನಿಂದ ರಂಧ್ರದ ಅಳತೆ ನೋಡುವ ಪ್ಲಗ್ ಗೇಜ್ ತೆಗೆದು ಅಂಗೈ ಮೇಲಿಟ್ಟುಕೊಂಡ. ಅಳತೆ ಸರಿಯಿರುವ ರಂಧ್ರದೊಳಗೆ ಮಾತ್ರ ಇಳಿಯಬೇಕಾದ ಅದರ ‘ಗೋ’ ತುದಿ ಬೆಳಕಿಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ‘ಸಾರ್, ಇದು ಸವೆದಿದೆ ಅನಿಸುತ್ತದೆ. ಚಿಕ್ಕ ರಂಧ್ರದೊಳಗೂ ಇಳಿಯುತ್ತದೆ’ ಎಂದ. ಎಷ್ಟು ದಿನದಿಂದ ಗೊತ್ತಿತ್ತು ಎಂದು ಕೇಳಿದೆ. ಹದಿನೈದು ದಿನವಂತೆ. ‘ತಿಂಗಳ ಕೊನೆ ಇತ್ತು. ನೀವು ರೇಗುತ್ತೀರಿ ಎಂದು ಹೇಳಲಿಲ್ಲ.’

ಆ ಹದಿನೈದು ದಿನಗಳಲ್ಲಿ ನಾವು ಕಳಿಸಿದ್ದ ಬುಷ್‌ಗಳಲ್ಲಿ ಒಂದು ಕಂತು ಗ್ರಾಹಕರಲ್ಲಿ ಆಗಲೇ ಶಾಫ್ಟ್‌ಗೆ ಕೂರದೆ ನಿಂತಿತ್ತು. ಗೇಜ್ ಸವೆದದ್ದು ಉಕ್ಕಿನ ಗುಣ. ಹುಡುಗ ಸುಮ್ಮನಿದ್ದದ್ದು ನನ್ನ ಬಾಯಿಯ ಫಲ. ಗ್ರಾಹಕರಿಗೆ ನಾವೇ ಫೋನ್ ಮಾಡಿ ಉಳಿದ ಕಂತುಗಳನ್ನೂ ವಾಪಸ್ ತರಿಸಿಕೊಂಡೆವು, ಆ ತಿಂಗಳ ಗುರಿ ಹೋಯಿತು. ಹುಡುಗನಿಗೆ ದಂಡ ಹಾಕಬೇಕೆಂಬ ಮಾತು ಬಂದಾಗ ಗೋಡೆಯ ಮೇಲಿನ ಮೂರನೆಯ ವಾಕ್ಯ ಅಡ್ಡ ಬಂತು. ನಮ್ಮ ಮೌಲ್ಯಪತ್ರ ನಿಜವಾಗಿ ಜಾರಿಗೆ ಬಂದದ್ದು ಆ ದಿನ.

ಆರನೆಯ ಹೆಜ್ಜೆ: ತಪ್ಪೊಪ್ಪಿಕೊಳ್ಳುವ ವಿಧಾನ

ಮುಂದಿನ ಸಭೆಯಲ್ಲಿ ನಾನು ಕ್ಷಮೆ ಕೇಳಿದೆ. ಕ್ಷಮೆ ಕೇಳುವಾಗ ಮೂರು ಮಾತು ಸಾಕು: ನಾನು ಮಾಡಿದ್ದೇನು, ಅದರಿಂದ ಯಾರಿಗೆ ಏನಾಯಿತು, ಇನ್ನು ಮುಂದೆ ಏನು ಮಾಡುತ್ತೇನೆ. ‘ಒತ್ತಡವಿತ್ತು’ ಎಂಬ ನಾಲ್ಕನೆಯ ಮಾತನ್ನು ಸೇರಿಸಿದರೆ ಮೊದಲ ಮೂರೂ ಅಳಿಸಿಹೋಗುತ್ತವೆ. ಎಲ್ಲರೆದುರು ರೇಗಿದ್ದರೆ ಕ್ಷಮೆಯೂ ಎಲ್ಲರೆದುರು. ಕೋಣೆಗೆ ಕರೆದು ಗುಟ್ಟಾಗಿ ಕೇಳಿದ ಕ್ಷಮೆ ನಿಮ್ಮ ಮರ್ಯಾದೆಯನ್ನು ಕಾಯುತ್ತದೆ, ಅವರದನ್ನಲ್ಲ.

ಇಲ್ಲೊಂದು ಎಚ್ಚರಿಕೆ. ಲೈಂಗಿಕ ಕಿರುಕುಳದ ದೂರು ಬಂದಾಗ ‘ಕುಟುಂಬದಂತೆ ಮಾತಾಡಿ ಮುಗಿಸೋಣ, ಕ್ಷಮಿಸಿಬಿಡಿ’ ಎನ್ನುವುದು ಅಧ್ಯಾತ್ಮವಲ್ಲ, ಅಪರಾಧಕ್ಕೆ ಹೊದಿಕೆ. ಹತ್ತು ಅಥವಾ ಹೆಚ್ಚು ಜನರಿರುವ ಕಡೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು. ದೂರು ಅಲ್ಲಿಗೇ ಹೋಗಬೇಕು, ನಿಮ್ಮ ಪ್ರವಚನಕ್ಕಲ್ಲ.

ಏಳನೆಯ ಹೆಜ್ಜೆ: ಪೂಜೆಗೆ ಬಾಗಿಲು ತೆರೆದಿರಲಿ, ಹೋಗುವವರಿಗೂ

ಆಯುಧಪೂಜೆಯ ದಿನ ಕಾರ್ಖಾನೆಗೆ ಬರುವ ಕಳೆಯೇ ಬೇರೆ. ಲೇಥ್‌ಗಳಿಗೆ ಎಣ್ಣೆ ಒರೆಸಿ, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಬೂದುಗುಂಬಳಕಾಯಿ ಒಡೆದು, ಕಡಲೆಪುರಿ ಮತ್ತು ಸಿಹಿ ಹಂಚುತ್ತಾರೆ. ವರ್ಷವಿಡೀ ಜೊತೆಗಿದ್ದ ಯಂತ್ರಕ್ಕೆ ಕೈಮುಗಿಯುವುದರಲ್ಲಿ ನಿಜವಾದ ಕೃತಜ್ಞತೆ ಇದೆ, ನನಗೆ ಅದು ಬಹಳ ಇಷ್ಟ. ಆದರೆ ಆ ಸಾಲಿನಲ್ಲಿ ನಿಲ್ಲಲು ಮನಸ್ಸಿಲ್ಲದವರು ಹಿಂದೆ ಸರಿದು ನಿಂತಾಗ ಯಾರ ಹುಬ್ಬೂ ಏರಬಾರದು. ಸಿಹಿ, ಉಡುಗೊರೆ, ಬೋನಸ್ ಪೂಜೆಗೆ ಬಂದವರಿಗೆ ಎಂದಾಗಬಾರದು. ರಂಜಾನ್ ತಿಂಗಳಲ್ಲಿ ಉಪವಾಸವಿರುವವರಿಗೆ ಪಾಳಿ ಬದಲಿಸಿಕೊಡಿ, ಗುಡ್ ಫ್ರೈಡೇಗೆ ರಜೆ ಕೇಳಿದವರಿಂದ ವಿವರಣೆ ಕೇಳಬೇಡಿ. ಧ್ಯಾನ ಶಿಬಿರಕ್ಕೆ ಹೆಸರು ಕೊಡುವುದು ಸ್ವಂತ ಇಚ್ಛೆಯದಾಗಿರಲಿ, ಬಂದವರ ಪಟ್ಟಿ ಮೌಲ್ಯಮಾಪನ ಮಾಡುವವರ ಕೈ ಸೇರದಿರಲಿ. ನಿಮ್ಮ ಗುರುಗಳನ್ನು ಎಲ್ಲರ ಗುರುಗಳಾಗಿಸಬೇಡಿ.

ವರ್ಷಕ್ಕೊಮ್ಮೆ

ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವ ವಾರದಲ್ಲೇ ಆ ಮೂರು ವಾಕ್ಯಗಳ ಹಾಳೆಯನ್ನೂ ಗೋಡೆಯಿಂದ ಇಳಿಸಿ. ಪ್ರತಿ ವಾಕ್ಯದ ಕೆಳಗೆ ಎರಡು ಸಾಲು ಬಿಡಿ. ಈ ವರ್ಷ ಇದಕ್ಕಾಗಿ ಏನನ್ನು ಕಳೆದುಕೊಂಡೆವು? ಯಾವಾಗ ಇದನ್ನು ಮುರಿದೆವು? ಮೊದಲ ಸಾಲು ಖಾಲಿ ಉಳಿದರೆ ಆ ಮೌಲ್ಯಕ್ಕೆ ಇನ್ನೂ ಪರೀಕ್ಷೆಯೇ ಬಂದಿಲ್ಲ ಅಥವಾ ಬಂದದ್ದು ನಿಮಗೆ ತಿಳಿಯಲಿಲ್ಲ. ಎರಡನೆಯ ಸಾಲನ್ನು ನೀವು ತುಂಬಬೇಡಿ, ವಾರದ ಸಭೆಗೆ ಕೊಡಿ. ನಮ್ಮಲ್ಲಿ ಮೊದಲ ವರ್ಷ ಬಟವಾಡೆಯ ವಾಕ್ಯದ ಕೆಳಗೆ ಯಾರೋ ‘ಆಗಸ್ಟ್, ನಾಲ್ಕು ದಿನ ತಡ’ ಎಂದು ಬರೆದಿದ್ದರು. ಹಳೆಯ ಬ್ಯಾಂಕ್ ಪುಸ್ತಕ ತೆಗೆದು ನೋಡಿದೆ. ನಾಲ್ಕೇ ದಿನ, ಸರಿಯಾಗಿತ್ತು.